ಜೋಂಬಿಯ ಪೂರ್ವಚರಿತ್ರೆಯೂ ಭಯಾನಕ ಕ್ರೀಡೆಗಳ ಆಕರ್ಷಣೆಯೂ

೧. ಪೀಠಿಕೆ

ವಿಡಿಯೋ ಆಟಗಳಲ್ಲಿ ‘ಸರ್ವೈವಲ್ ಹಾರರ್’ ಎಂಬ ಹೆಸರಿನ ಒಂದು ಪ್ರಭೇದವುಂಟು. ಭಯಂಕರವಾದ ಸ್ಥಳವೊಂದರಲ್ಲಿ ಸಿಕ್ಕಿಬಿದ್ದ ವ್ಯಕ್ತಿಯು ಅತ್ಯಲ್ಪವಾದ ಸಾಧನಗಳಿಂದ ಪ್ರಾಣವನ್ನು ಕಾಪಾಡಿಕೊಂಡು ಹೊರಬರುವುದೇ ಇವುಗಳ ವಸ್ತುವಾದ್ದರಿಂದ, ಇವನ್ನು ಕನ್ನಡದಲ್ಲಿ ಪ್ರಾಣರಕ್ಷಣೆಯ ಭಯಾನಕ ಕ್ರೀಡೆಗಳೆಂದು ಕರೆಯಬಹುದು. ಇವುಗಳಲ್ಲಿ ಆಡುವವನಿಗೆ ಎದುರಾಗುವ ಶತ್ರುವು ಬಹುಮಟ್ಟಿಗೆ ಜೋಂಬಿ. ಎಂದರೆ, ಸತ್ತ ಮೇಲೂ ನಡೆದಾಡುವ, ಮಾತಿಲ್ಲದ, ಬುದ್ಧಿಯಿಲ್ಲದ ಮನುಷ್ಯದೇಹ. ಹೇಸಿಗೆಯನ್ನೂ ಹೆದರಿಕೆಯನ್ನೂ ಒಟ್ಟಿಗೆ ಹುಟ್ಟಿಸುವ ಇಂಥ ವಸ್ತುವನ್ನು ಜನರು ಹಣ ಕೊಟ್ಟು ಕೊಂಡು, ರಾತ್ರಿಯೆಲ್ಲ ಎಚ್ಚತ್ತಿದ್ದು ಆಡುವುದು ಏತಕ್ಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಹೇಳಲ್ಪಡುತ್ತವೆ. ಮೊದಲನೆಯದು, ದೋಷವಿಲ್ಲದೆ ಕೊಲ್ಲುವ ಸುಖ. ಜೋಂಬಿಯು ಮನುಷ್ಯಾಕಾರವುಳ್ಳದ್ದಾದರೂ ಮನುಷ್ಯನಲ್ಲ; ಆದುದರಿಂದ ಅದನ್ನು ಹೊಡೆದುರುಳಿಸಿದವನಿಗೆ ಪಾಪದ ಅಳುಕಿಲ್ಲ ಎಂಬುದು ಈ ಪಕ್ಷದ ವಾದ. ಎರಡನೆಯದು, ಅಪಾಯವಿಲ್ಲದ ಭಯದ ಸುಖ. ದಡದಲ್ಲಿ ನಿಂತವನು ಪ್ರವಾಹವನ್ನು ನೋಡಿ ಬೆರಗಾಗುವಂತೆ, ತನಗೆ ಕೇಡಿಲ್ಲವೆಂದು ಬಲ್ಲವನು ಭಯವನ್ನೂ ಸವಿಯಬಲ್ಲನೆಂದು ಈ ಪಕ್ಷದವರು ಹೇಳುವರು. ಈ ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಮೊದಲನೆಯದೇ ನಿಜವಾದ ಕಾರಣವಾಗಿದ್ದರೆ, ಗುಂಡುಗಳು ಹೇರಳವಾಗಿ ದೊರೆಯುವ ಆಟವೇ ಈ ಪ್ರಭೇದದಲ್ಲಿ ಉತ್ತಮವೆನಿಸಬೇಕಾಗಿತ್ತು. ವಸ್ತುಸ್ಥಿತಿಯಾದರೋ ಇದಕ್ಕೆ ತೀರ ವಿರುದ್ಧವಾಗಿದೆ. ಎರಡನೆಯದು ಎಲ್ಲ ಭಯಾನಕ ಕಥೆಗಳಿಗೂ ಸಮನಾಗಿ ಸಲ್ಲುವುದರಿಂದ, ನಾನಾ ಬಗೆಯ ಭೂತಪಿಶಾಚಗಳಿರುವಾಗ ಜೋಂಬಿಯೊಂದೇ ಇಷ್ಟು ಪ್ರಾಧಾನ್ಯವನ್ನು ಪಡೆದುದೇಕೆಂಬುದನ್ನು ತಿಳಿಸಲಾರದು.

ಆದಕಾರಣ ಜೋಂಬಿಯ ಪೂರ್ವಚರಿತ್ರೆಯನ್ನು ಶೋಧಿಸುವುದು ಅವಶ್ಯಕವಾಗುತ್ತದೆ. ಈ ಕಲ್ಪನೆಯು ಕೆರಿಬಿಯನ್ ದ್ವೀಪಗಳ ಗುಲಾಮರ ನಡುವೆ ಬೆಳೆದು, ಅಮೆರಿಕದ ಚಲಚ್ಚಿತ್ರಗಳಲ್ಲಿ ರೂಪಾಂತರ ಹೊಂದಿ, ಜಪಾನಿನ ಕ್ರೀಡಾನಿರ್ಮಾಪಕರ ಕೈಗೆ ಬಂದುದು. ಈ ದೀರ್ಘ ಪ್ರಯಾಣದಲ್ಲಿ ಯಾವುದು ಕಳೆದುಹೋಯಿತು, ಯಾವುದು ಉಳಿಯಿತು ಎಂಬುದನ್ನು ನಿರ್ಣಯಿಸಿದರೆ ಆಕರ್ಷಣೆಯ ಕಾರಣವೂ ತಾನಾಗಿಯೇ ಗೋಚರಿಸುತ್ತದೆ.

೨. ಶಬ್ದವಿಚಾರ

‘ಜೋಂಬಿ’ ಎಂಬ ಶಬ್ದದ ಮೂಲವು ಮಧ್ಯ ಆಫ್ರಿಕದ ಕಾಂಗೋ ಪ್ರದೇಶದ ಭಾಷೆಗಳಲ್ಲಿರುವುದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ದೇವರು ಅಥವಾ ಚೇತನ ಎಂಬರ್ಥದ ‘ನ್ಜಾಂಬಿ’, ಪೂಜಾವಸ್ತು ಎಂಬರ್ಥದ ‘ಜುಂಬಿ’ ಎಂಬೀ ಶಬ್ದಗಳನ್ನು ಈ ಸಂದರ್ಭದಲ್ಲಿ ಉದಾಹರಿಸುವರು. ಬ್ರೆಜಿಲ್ ದೇಶದಲ್ಲಿ ಓಡಿಹೋದ ಗುಲಾಮರು ಕಟ್ಟಿಕೊಂಡಿದ್ದ ಪಲ್ಮಾರೆಸ್ ಎಂಬ ಸಂಸ್ಥಾನದ ಕೊನೆಯ ನಾಯಕನ ಹೆಸರು ಜುಂಬಿ. ಅವನು ೧೬೯೫ರಲ್ಲಿ ಪೋರ್ಚುಗೀಸರ ಕಡೆಯವರಿಂದ ಹತನಾದನು. ೧೬೯೭ರಲ್ಲಿ ಪ್ರಕಟವಾದ, ಬ್ಲೆಸ್‌ಬುವಾ ಎಂಬವನದೆಂದು ಹೇಳಲಾಗುವ ಫ್ರೆಂಚ್ ಕಥೆಯೊಂದರ ಶೀರ್ಷಿಕೆಯಲ್ಲಿಯೇ ಈ ಶಬ್ದವು ಬಂದಿದೆ. ಗ್ವಾಡೆಲೂಪ್ ದ್ವೀಪದಲ್ಲಿ ನಡೆಯುವ ಆ ಕಥೆಯಲ್ಲಿ ಜೋಂಬಿ ಎಂದರೆ ಅದೃಶ್ಯವಾದ ಚೇತನವೇ ಹೊರತು ನಡೆದಾಡುವ ಹೆಣವಲ್ಲ. ೧೭೯೭ರಲ್ಲಿ ಮೊರೋ ದ ಸ್ಯಾಂ-ಮೆರಿ ಎಂಬ ವಸಾಹತಿನ ನ್ಯಾಯವಾದಿಯು ತನ್ನ ಬೃಹದ್‌ಗ್ರಂಥದಲ್ಲಿ ಇದು ಪ್ರೇತವೆಂಬರ್ಥದ ಕ್ರಿಯೋಲ್ ಶಬ್ದವೆಂದು ವಿವರಿಸಿದ್ದಾನೆ.

೧೮೮೭ರಿಂದ ಸುಮಾರು ಎರಡು ವರ್ಷಕಾಲ ಮಾರ್ಟಿನಿಕ್ ದ್ವೀಪದಲ್ಲಿ ವಾಸವಾಗಿದ್ದ ಲಫ್ಕಾಡಿಯೋ ಹರ್ನ್ ಎಂಬ ಲೇಖಕನ ಬರಹಗಳಲ್ಲಿಯೂ ಜೋಂಬಿಯು ರಾತ್ರಿಯಲ್ಲಿ ಕಾಣಿಸಿಕೊಳ್ಳುವ, ನಿಶ್ಚಿತರೂಪವಿಲ್ಲದ ಭೂತವೇ ಆಗಿದೆ. ಈ ಹರ್ನನು ೧೮೯೦ರಲ್ಲಿ ಜಪಾನಿಗೆ ಹೋಗಿ ನೆಲಸಿ, ಕೊಯಿಜುಮಿ ಯಾಕುಮೊ ಎಂಬ ಹೆಸರನ್ನು ತಳೆದು, ಅಲ್ಲಿನ ಪ್ರೇತಕಥೆಗಳನ್ನು ಸಂಗ್ರಹಿಸಿ ಖ್ಯಾತನಾದನು. ಜೋಂಬಿಯ ಚರಿತ್ರೆಯು ಕೆರಿಬಿಯನ್ನಿನಲ್ಲಿ ಮೊದಲಾಗಿ ಜಪಾನಿನಲ್ಲಿ ಹೊಸ ರೂಪವನ್ನು ಪಡೆದುದನ್ನು ನೆನೆದರೆ ಇದು ಸ್ವಾರಸ್ಯವಾದ ಆಕಸ್ಮಿಕ; ಇದರಿಂದ ಯಾವ ಕಾರ್ಯಕಾರಣಸಂಬಂಧವನ್ನೂ ಊಹಿಸತಕ್ಕುದಲ್ಲ.

ಹೀಗೆ ಶಬ್ದವು ಮೊದಲು ದೇಹವಿಲ್ಲದ ಚೇತನವನ್ನು ಸೂಚಿಸುತ್ತಿದ್ದು, ಕಾಲಕ್ರಮದಲ್ಲಿ ಚೇತನವಿಲ್ಲದ ದೇಹವನ್ನು ಸೂಚಿಸತೊಡಗಿತು. ನಮ್ಮ ಕಥೆಗಳಲ್ಲಿ ಬರುವ ಬೇತಾಳದೊಡನೆ ಹೋಲಿಸಿದರೆ ಈ ಅರ್ಥಾಂತರದ ವೈಲಕ್ಷಣ್ಯವು ಸ್ಪಷ್ಟವಾಗುತ್ತದೆ. ಬೇತಾಳವು ಹೆಣವನ್ನು ಹೊಕ್ಕ ಭೂತ. ಅದಕ್ಕೆ ಮಾತುಂಟು, ಯುಕ್ತಿಯುಂಟು, ರಾಜನನ್ನೇ ಪ್ರಶ್ನಿಸಿ ತಬ್ಬಿಬ್ಬುಗೊಳಿಸುವ ಪಾಂಡಿತ್ಯವುಂಟು. ಜೋಂಬಿಯಾದರೋ ಒಳಗೆ ಯಾರೂ ಇಲ್ಲದ ಹೆಣ. ಇಂಥ ವಿಚಿತ್ರ ಕಲ್ಪನೆಯು ಹುಟ್ಟಬೇಕಾದರೆ ಅದಕ್ಕೆ ತಕ್ಕ ಬದುಕೂ ಇದ್ದಿರಬೇಕು.

೩. ಕಬ್ಬಿನ ತೋಟಗಳ ಜೋಂಬಿ

ಆ ಬದುಕು ಈಗಿನ ಹೈಟಿ ದೇಶದಲ್ಲಿತ್ತು. ೧೬೯೭ರ ರೈಸ್ವಿಕ್ ಒಪ್ಪಂದದಿಂದ ಹಿಸ್ಪಾನಿಯೋಲ ದ್ವೀಪದ ಪಶ್ಚಿಮಭಾಗವು ಫ್ರೆಂಚರ ವಶವಾಗಿ ಸ್ಯಾಂ ದೊಮ್ಯಾಂಗ್ ಎಂಬ ಹೆಸರನ್ನು ಪಡೆಯಿತು. ಹದಿನೆಂಟನೆಯ ಶತಮಾನದ ಕೊನೆಗೆ ಅದು ಸಕ್ಕರೆ ಮತ್ತು ಕಾಫಿಯ ಉತ್ಪತ್ತಿಯಿಂದ ಜಗತ್ತಿನಲ್ಲೇ ಅತ್ಯಂತ ಲಾಭಕರವಾದ ವಸಾಹತು ಎನಿಸಿತ್ತು. ೧೭೮೯ರ ಸುಮಾರಿನಲ್ಲಿ ಅಲ್ಲಿದ್ದ ಗುಲಾಮರ ಸಂಖ್ಯೆ ನಾಲ್ಕೂವರೆಯಿಂದ ಐದು ಲಕ್ಷ. ಬಿಳಿಯರ ಸಂಖ್ಯೆ ಮೂವತ್ತರಿಂದ ನಲವತ್ತು ಸಾವಿರ. ಹದಿನಾಲ್ಕನೆಯ ಲೂಯಿ ದೊರೆಯು ೧೬೮೫ರಲ್ಲಿ ಹೊರಡಿಸಿದ ‘ಕೋಡ್ ನ್ವಾರ್’ ಎಂಬ ಶಾಸನವು ಗುಲಾಮನನ್ನು ಚರಸ್ವತ್ತೆಂದು ವಿಧಿಸಿತ್ತು. ಓಡಿಹೋಗಿ ಸಿಕ್ಕಿಬಿದ್ದವನ ಕಿವಿಗಳನ್ನು ಕತ್ತರಿಸಿ ಮೈಮೇಲೆ ಮುದ್ರೆ ಹಾಕಬೇಕೆಂಬುದೂ ಅದೇ ಶಾಸನದಲ್ಲಿದೆ. ದುಡಿಮೆಯ ಕ್ರೌರ್ಯದಿಂದಲೂ ರೋಗಗಳಿಂದಲೂ ಜನನಕ್ಕಿಂತ ಮರಣವೇ ಅಧಿಕವಾಗಿದ್ದು, ಆ ಕೊರತೆಯನ್ನು ಆಫ್ರಿಕದಿಂದ ಹೊಸಬರನ್ನು ತಂದು ತುಂಬಲಾಗುತ್ತಿತ್ತು.

ಇಂಥ ಬಾಳಿನಲ್ಲಿ ಸಾವು ಬಿಡುಗಡೆಯಾಗಿ ತೋರಿದುದು ಆಶ್ಚರ್ಯವಲ್ಲ. ಸತ್ತ ಮೇಲೆ ಆತ್ಮವು ಪೂರ್ವಜರ ನಾಡಾದ ಗಿನಿಗೆ ಹಿಂದಿರುಗುವುದೆಂಬ ನಂಬಿಕೆ ಗುಲಾಮರಲ್ಲಿ ಬಲವಾಗಿತ್ತು. ಜೋಂಬಿಯ ಕಲ್ಪನೆಯು ಈ ಕೊನೆಯ ಆಸೆಯನ್ನೂ ಕಿತ್ತುಕೊಳ್ಳುವಂಥದು. ಹೈಟಿಯ ಜನರ ನಂಬಿಕೆಯ ಪ್ರಕಾರ ‘ಬೊಕೋರ್’ ಎನಿಸಿಕೊಳ್ಳುವ ಮಾಂತ್ರಿಕನು ಮನುಷ್ಯನ ಆತ್ಮದ ಒಂದಂಶವನ್ನು ಅಪಹರಿಸಿ, ದೇಹವನ್ನು ಗೋರಿಯಿಂದೆಬ್ಬಿಸಿ, ಹೊಲದಲ್ಲಿ ದುಡಿಸಿಕೊಳ್ಳುವನು. ಹಾಗೆ ಎಬ್ಬಿಸಲ್ಪಟ್ಟವನಿಗೆ ಹೆಸರು ನೆನಪಿಲ್ಲ, ಇಚ್ಛೆಯಿಲ್ಲ, ಕೂಲಿಯಿಲ್ಲ, ಕೊನೆಯೂ ಇಲ್ಲ. ಅವನಿಗೆ ಉಪ್ಪನ್ನು ತಿನ್ನಿಸಬಾರದೆಂಬುದು ಒಡೆಯನು ಪಾಲಿಸಬೇಕಾದ ಮುಖ್ಯ ನಿಯಮ. ಉಪ್ಪು ನಾಲಗೆಗೆ ತಗುಲಿದೊಡನೆ ತನ್ನ ಸ್ಥಿತಿಯ ಅರಿವುಂಟಾಗಿ ಅವನು ತನ್ನ ಗೋರಿಗೆ ಹಿಂದಿರುಗುವನೆಂದು ಹೇಳುವರು. ‘ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು’ ಎಂಬ ನಮ್ಮ ಮಾತಿನಲ್ಲಿ ಉಪ್ಪು ಒಡೆಯನ ಋಣದ ಗುರುತು. ಹೈಟಿಯಲ್ಲಿ ಅದೇ ಉಪ್ಪು ಒಡೆಯನಿಂದ ಬಿಡುಗಡೆಯ ಗುರುತು.

ಇಲ್ಲಿ ಗಮನಿಸತಕ್ಕ ಮುಖ್ಯಾಂಶವೊಂದಿದೆ. ಹೈಟಿಯ ರೈತನು ಜೋಂಬಿಯನ್ನು ಕಂಡು ಹೆದರಲಿಲ್ಲ, ಜೋಂಬಿಯಾಗುವುದಕ್ಕೆ ಹೆದರಿದನು. ಜೋಂಬಿಯು ಯಾರನ್ನೂ ಕಚ್ಚುವುದಿಲ್ಲ, ಯಾರನ್ನೂ ತಿನ್ನುವುದಿಲ್ಲ. ಕ್ರೂರಿಯು ಒಡೆಯನೇ ಹೊರತು ಹೆಣವಲ್ಲ. ೧೭೯೧ರ ಆಗಸ್ಟಿನಲ್ಲಿ ಬಂಡೆದ್ದು, ನೆಪೋಲಿಯನ್ನನ ಸೈನ್ಯವನ್ನೂ ಸೋಲಿಸಿ, ೧೮೦೪ರ ಜನವರಿ ೧ರಂದು ಸ್ವತಂತ್ರರಾದ ಜನಕ್ಕೆ, ಮರಳಿ ಗುಲಾಮರಾಗುವುದಕ್ಕಿಂತ ದೊಡ್ಡ ಭಯ ಬೇರೊಂದಿರಲು ಸಾಧ್ಯವಿರಲಿಲ್ಲ. ಆ ಭಯವು ನಿರಾಧಾರವೂ ಆಗಿರಲಿಲ್ಲ. ೧೮೨೫ರಲ್ಲಿ ಫ್ರಾನ್ಸ್ ದೇಶವು ಹೈಟಿಯ ಸ್ವಾತಂತ್ರ್ಯವನ್ನು ಮನ್ನಿಸಲು ೧೫ ಕೋಟಿ ಫ್ರಾಂಕುಗಳ ಪರಿಹಾರವನ್ನು ಕೇಳಿತು. ೧೮೩೮ರಲ್ಲಿ ಅದು ೯ ಕೋಟಿಗೆ ಇಳಿಯಿತಾದರೂ, ಅದಕ್ಕಾಗಿ ಎತ್ತಿದ ಸಾಲಗಳ ಹೊರೆಯು ೧೯೪೭ರವರೆಗೂ ತೀರಲಿಲ್ಲ. ೧೮೨೬ರಲ್ಲಿ ಅಧ್ಯಕ್ಷ ಬ್ವಾಯೆ ಜಾರಿಗೆ ತಂದ ಗ್ರಾಮೀಣ ಶಾಸನವು ರೈತರನ್ನು ಮತ್ತೆ ತೋಟಗಳಿಗೆ ಕಟ್ಟಿಹಾಕಲು ಯತ್ನಿಸಿತು. ಮರಣಸದೃಶವಾದ ಮಂಪರನ್ನುಂಟುಮಾಡುವ ಪದಾರ್ಥವನ್ನು ಕೊಡುವುದು ವಿಷಪ್ರಯೋಗವೆಂದೂ, ಆ ಸ್ಥಿತಿಯಲ್ಲಿ ಹೂಳಿದರೆ ಕೊಲೆಯೆಂದೂ ಹೈಟಿಯ ದಂಡಸಂಹಿತೆಯಲ್ಲಿ ಸೇರಿಸಲ್ಪಟ್ಟುದು ಈ ಭಯದ ಆಳವನ್ನು ತೋರಿಸುತ್ತದೆ.

೪. ಅಮೆರಿಕದ ಆಕ್ರಮಣ ಮತ್ತು ಚಲಚ್ಚಿತ್ರ

೧೯೧೫ರ ಜುಲೈ ೨೮ರಂದು ಅಮೆರಿಕ ಸಂಯುಕ್ತಸಂಸ್ಥಾನದ ಸೈನಿಕರು ಹೈಟಿಯಲ್ಲಿಳಿದರು. ಅವರ ಆಕ್ರಮಣವು ೧೯೩೪ರವರೆಗೆ ನಡೆಯಿತು. ಹಳೆಯ ಕಾನೂನೊಂದನ್ನು ಹೊರತೆಗೆದು, ರಸ್ತೆಗಳ ನಿರ್ಮಾಣಕ್ಕಾಗಿ ರೈತರನ್ನು ಬಲಾತ್ಕಾರದ ಬಿಟ್ಟಿಗೆ ಹಿಡಿಯಲಾಯಿತು. ಹಗ್ಗದಿಂದ ಕಟ್ಟಲ್ಪಟ್ಟು ಸಾಲುಸಾಲಾಗಿ ಕೆಲಸಕ್ಕೆ ಸಾಗುವ ಜನರನ್ನು ಕಂಡವರಿಗೆ ಗುಲಾಮಗಿರಿಯ ಕಾಲವು ನೆನಪಾದುದು ಸಹಜ. ಶಾರ್ಲಮಾನ್ಯ್ ಪೆರಾಲ್ಟ್ ಎಂಬ ನಾಯಕನ ದಂಗೆಯು ಈ ಬಿಟ್ಟಿಯಿಂದಲೇ ಬಲಗೊಂಡಿತು. ಅವನು ೧೯೧೯ರಲ್ಲಿ ಕೊಲ್ಲಲ್ಪಟ್ಟನು.

ಈ ಆಕ್ರಮಣದ ಕಾಲದಲ್ಲಿಯೇ ಜೋಂಬಿಯು ದ್ವೀಪವನ್ನು ಬಿಟ್ಟು ಹೊರಟಿತು. ವಿಲಿಯಂ ಸೀಬ್ರೂಕ್ ಎಂಬ ಅಮೆರಿಕದ ಪ್ರವಾಸಿಯು ೧೯೨೯ರಲ್ಲಿ ಪ್ರಕಟಿಸಿದ ‘ದಿ ಮ್ಯಾಜಿಕ್ ಐಲೆಂಡ್’ ಎಂಬ ಗ್ರಂಥದಲ್ಲಿ ಕಬ್ಬಿನ ಗದ್ದೆಗಳಲ್ಲಿ ದುಡಿಯುವ ಸತ್ತವರ ವಿಷಯವಾಗಿ ಒಂದು ಅಧ್ಯಾಯವನ್ನು ಬರೆದನು. ಅಲ್ಲಿ ಹೇಳಿರುವ ಕಥೆಯಲ್ಲಿ ಜೋಂಬಿಗಳ ಗುಂಪೊಂದು ಹೈಟಿಯನ್-ಅಮೆರಿಕನ್ ಸಕ್ಕರೆ ಕಂಪೆನಿಯ ಗದ್ದೆಗೆ ಕೂಲಿಗಳಾಗಿ ಒದಗಿಸಲ್ಪಡುತ್ತದೆ. ಕೂಲಿಯ ಹಣವೆಲ್ಲ ಅವರನ್ನು ತಂದ ಮೇಸ್ತ್ರಿಯ ಕೈಗೆ ಸೇರುತ್ತದೆ. ಕೊನೆಗೆ ಮೇಸ್ತ್ರಿಯ ಹೆಂಡತಿಯು ಕನಿಕರದಿಂದ ಕೊಟ್ಟ ತಿಂಡಿಯಲ್ಲಿ ಉಪ್ಪಿದ್ದುದರಿಂದ ಅವರು ಎಚ್ಚತ್ತು, ತಮ್ಮ ಊರಿನ ಗೋರಿಗಳ ಕಡೆಗೆ ನಡೆದುಬಿಡುವರು. ಸೀಬ್ರೂಕನು ತಾನೇ ಕಂಡೆನೆಂದು ಹೇಳುವ ‘ಜೋಂಬಿ’ಗಳು ಬುದ್ಧಿಭ್ರಮಣೆಯಾದ ಬಡಕೂಲಿಗಳೇ ಇರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಾನೆ. ಕಂಪೆನಿಯೂ ಮೇಸ್ತ್ರಿಯೂ ಕೂಲಿಯೂ ಸೇರಿದ ಈ ಕಥೆಯಲ್ಲಿ ಮಂತ್ರವಿದ್ಯೆಗಿಂತ ದುಡಿಮೆಯ ಅನ್ಯಾಯವೇ ಹೆಚ್ಚಾಗಿರುವುದು ಸ್ಪಷ್ಟ.

ಈ ಗ್ರಂಥದ ಪ್ರಭಾವದಿಂದ ೧೯೩೨ರಲ್ಲಿ ವಿಕ್ಟರ್ ಹ್ಯಾಲ್ಪೆರಿನ್ನನ ‘ವೈಟ್ ಜೋಂಬಿ’ ಎಂಬ ಚಲಚ್ಚಿತ್ರವು ಹೊರಬಂದಿತು. ಬೇಲಾ ಲುಗೋಸಿಯು ಜೋಂಬಿಗಳ ಒಡೆಯನ ಪಾತ್ರವನ್ನು ವಹಿಸಿದ ಆ ಚಿತ್ರದಲ್ಲಿ ಸಕ್ಕರೆಯ ಗಾಣದ ದೃಶ್ಯವೊಂದಿದೆ. ಒಬ್ಬನು ಗಾಣದೊಳಗೆ ಬಿದ್ದರೂ ಉಳಿದವರು ತಿರುಗಿ ನೋಡದೆ ಗಾಣವನ್ನು ತಿರುಗಿಸುತ್ತಲೇ ಇರುವರು. ಆದರೆ ಕಥೆಯ ಮರುಕವೆಲ್ಲವೂ ಮಂತ್ರಕ್ಕೊಳಗಾದ ಬಿಳಿಯ ವಧುವಿನ ಮೇಲೆಯೇ ಹರಿಯುತ್ತದೆ. ಗಾಣದ ಕೂಲಿಗಳು ಹಿನ್ನೆಲೆಯಾಗಿ ಉಳಿಯುವರು. ಜೋಂಬಿಯ ಚರಿತ್ರೆಯಲ್ಲಿ ಮರೆವಿನ ಮೊದಲನೆಯ ಹೆಜ್ಜೆ ಇದು.

೫. ಒಡೆಯನಿಲ್ಲದ ಜೋಂಬಿ

ಎರಡನೆಯ ಹೆಜ್ಜೆಯನ್ನಿಟ್ಟವನು ಜಾರ್ಜ್ ರೊಮೇರೊ. ಪಿಟ್ಸ್‌ಬರ್ಗ್ ಪರಿಸರದಲ್ಲಿ ಅಲ್ಪವೆಚ್ಚದಿಂದ ತಯಾರಾಗಿ ೧೯೬೮ರ ಅಕ್ಟೋಬರಿನಲ್ಲಿ ತೆರೆಕಂಡ ಅವನ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದಲ್ಲಿ ಜೋಂಬಿ ಎಂಬ ಶಬ್ದವೇ ಬರುವುದಿಲ್ಲ. ಎದ್ದುಬರುವ ಹೆಣಗಳನ್ನು ಅಲ್ಲಿ ‘ಘೌಲ್’ ಎಂದು ಕರೆಯಲಾಗಿದೆ. ೧೯೫೪ರಲ್ಲಿ ಪ್ರಕಟವಾದ ರಿಚರ್ಡ್ ಮ್ಯಾಥಿಸನ್ನನ ‘ಐ ಆಮ್ ಲೆಜೆಂಡ್’ ಕಾದಂಬರಿಯಿಂದ ರೊಮೇರೊ ಸ್ಫೂರ್ತಿ ಪಡೆದುದಾಗಿ ಒಪ್ಪಿಕೊಂಡಿದ್ದನು. ಪ್ರೇಕ್ಷಕರೂ ವಿಮರ್ಶಕರೂ ತಾವಾಗಿಯೇ ಈ ಹೆಣಗಳಿಗೆ ಜೋಂಬಿಯ ಹೆಸರನ್ನು ಹಚ್ಚಿದರು. ೧೯೭೮ರ ‘ಡಾನ್ ಆಫ್ ದಿ ಡೆಡ್’ ಚಿತ್ರವು ಮರುವರ್ಷ ಜಪಾನಿನಲ್ಲಿ ‘ಜೋಂಬಿ’ ಎಂಬ ಶೀರ್ಷಿಕೆಯಿಂದಲೇ ಪ್ರದರ್ಶಿತವಾಯಿತು.

ಹೈಟಿಯ ಜೋಂಬಿಗೂ ರೊಮೇರೊವಿನ ಜೋಂಬಿಗೂ ಇರುವ ಭೇದಗಳು ಮೂರು. ಮೊದಲನೆಯದಾಗಿ, ಒಡೆಯನು ಮಾಯವಾದನು. ಹೆಣಗಳು ಯಾರ ಅಪ್ಪಣೆಯೂ ಇಲ್ಲದೆ ತಾವಾಗಿ ಏಳುತ್ತವೆ. ಎರಡನೆಯದಾಗಿ, ದುಡಿಯುತ್ತಿದ್ದ ದೇಹವು ತಿನ್ನುವ ದೇಹವಾಯಿತು. ಮೂರನೆಯದಾಗಿ, ಒಬ್ಬರಿಂದೊಬ್ಬರಿಗೆ ಹಬ್ಬುವ ವ್ಯಾಧಿಯ ಸ್ವರೂಪವನ್ನು ತಾಳಿ ಅದು ಅಸಂಖ್ಯಾತವಾಯಿತು. ಇದರ ಫಲವಾಗಿ ಭಯದ ಮುಖವೇ ತಿರುಗಿತು. ಮೊದಲು ಮರುಕಕ್ಕೆ ಪಾತ್ರನಾಗಿದ್ದ ಬಲಿಪಶುವು ಈಗ ಶತ್ರುವಾದನು. ಹೀಗಿದ್ದರೂ ಮೂಲದ ನೆರಳು ಪೂರ್ತಿಯಾಗಿ ಅಳಿಯಲಿಲ್ಲ. ತೋಟದ ಮನೆಯೊಂದರಲ್ಲಿ ಸಿಕ್ಕಿಬಿದ್ದ ಏಳು ಮಂದಿಯಲ್ಲಿ ಕೊನೆಯವರೆಗೂ ಬದುಕುಳಿಯುವ ನಾಯಕನು ಕಪ್ಪುವರ್ಣದವನು. ಡುವೇನ್ ಜೋನ್ಸ್ ಎಂಬ ನಟನು ಆ ಪಾತ್ರವನ್ನು ಧರಿಸಿದನು. ರಾತ್ರಿಯನ್ನು ಗೆದ್ದ ಆ ನಾಯಕನನ್ನು ಬೆಳಗ್ಗೆ ರಕ್ಷಣೆಗೆಂದು ಬಂದವರೇ ಜೋಂಬಿಯೆಂದು ಭ್ರಮಿಸಿ ಗುಂಡಿಟ್ಟು ಕೊಲ್ಲುವರು. ವರ್ಣವನ್ನು ಗಮನದಲ್ಲಿಟ್ಟು ಆ ನಟನನ್ನು ಆರಿಸಲಿಲ್ಲವೆಂದು ರೊಮೇರೊ ಹೇಳುತ್ತಿದ್ದನು. ಆದರೂ ಮಾರ್ಟಿನ್ ಲೂಥರ್ ಕಿಂಗ್ ಹತನಾದ ವರ್ಷದಲ್ಲಿಯೇ ಈ ಚಿತ್ರವನ್ನು ಕಂಡವರಿಗೆ ಅದರ ಅರ್ಥವು ಹೊಳೆಯದಿರಲಿಲ್ಲ.

೬. ಜಪಾನಿನ ಕ್ರೀಡೆಗಳು

ಚಲಚ್ಚಿತ್ರದಲ್ಲಿ ನೋಡುವವನು ಪಾತ್ರಗಳ ತಪ್ಪುನಡೆಗಳನ್ನು ಕಂಡು ಮರುಗಬಲ್ಲನೇ ಹೊರತು ತಿದ್ದಲಾರನು. ಕ್ರೀಡೆಯಲ್ಲಿ ನಡೆಯನ್ನು ನಿರ್ಣಯಿಸುವವನು ಆಡುವವನೇ. ಈ ಭೇದವನ್ನು ಭಯಾನಕಕ್ಕೆ ಚೆನ್ನಾಗಿ ಬಳಸಿಕೊಂಡ ಮೊದಲ ಕೃತಿಗಳಲ್ಲಿ ಕ್ಯಾಪ್‌ಕಾಮ್ ಸಂಸ್ಥೆಯು ೧೯೮೯ರಲ್ಲಿ ಹೊರತಂದ ‘ಸ್ವೀಟ್ ಹೋಮ್’ ಮುಖ್ಯವಾದುದು. ಅದೇ ಹೆಸರಿನ ಕಿಯೋಶಿ ಕುರೊಸಾವನ ಚಲಚ್ಚಿತ್ರದೊಡನೆ ಹೊರಬಂದ ಈ ಆಟವನ್ನು ನಿರ್ದೇಶಿಸಿದವನು ಟೊಕುರೊ ಫುಜಿವಾರ. ಸತ್ತ ಚಿತ್ರಕಾರನೊಬ್ಬನ ಪಾಳುಮನೆಗೆ ಐವರು ಬರುವರು. ಅವರು ಹೊರಬಹುದಾದ ಸಾಮಾನುಗಳು ಕೆಲವೇ. ಅವರಲ್ಲಿ ಯಾರಾದರೂ ಸತ್ತರೆ ಮರಳಿ ಬರುವುದಿಲ್ಲ. ೧೯೯೨ರಲ್ಲಿ ಫ್ರಾನ್ಸಿನ ಇನ್ಫೋಗ್ರಾಮ್ ಸಂಸ್ಥೆಯಿಂದ ಬಂದ ಫ್ರೆಡೆರಿಕ್ ರೆನಾಲನ ‘ಅಲೋನ್ ಇನ್ ದಿ ಡಾರ್ಕ್’ ಎಂಬ ಆಟವು ಸ್ಥಿರವಾದ ದೃಷ್ಟಿಕೋನಗಳಿಂದ ಮನೆಯೊಂದರ ಕೋಣೆಗಳನ್ನು ತೋರಿಸುವ ಕ್ರಮವನ್ನು ಬಳಕೆಗೆ ತಂದಿತು.

ಈ ಎರಡು ಧಾರೆಗಳೂ ೧೯೯೬ರ ಮಾರ್ಚ್ ೨೨ರಂದು ಜಪಾನಿನಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರಬಂದ ‘ಬಯೋಹಜಾರ್ಡ್’ನಲ್ಲಿ ಕೂಡಿದವು. ಇತರ ದೇಶಗಳಲ್ಲಿ ಇದು ‘ರೆಸಿಡೆಂಟ್ ಈವಿಲ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇದರ ನಿರ್ದೇಶಕನು ಶಿಂಜಿ ಮಿಕಾಮಿ. ‘ಸ್ವೀಟ್ ಹೋಮ್’ನ ಪುನಾರಚನೆಯಾಗಿ ಈ ಕೆಲಸವು ಮೊದಲಾಗಿತ್ತು. ‘ಸರ್ವೈವಲ್ ಹಾರರ್’ ಎಂಬ ಹೆಸರು ರೂಢಿಗೆ ಬಂದುದೂ ಈ ಆಟದಿಂದಲೇ. ರೊಮೇರೊವಿನ ಋಣವು ಗುಪ್ತವಾಗಿರಲಿಲ್ಲ; ೧೯೯೮ರಲ್ಲಿ ಎರಡನೆಯ ‘ಬಯೋಹಜಾರ್ಡ್’ ಹೊರಬಂದಾಗ ಜಪಾನಿನ ದೂರದರ್ಶನಕ್ಕಾಗಿ ಅದರ ಜಾಹೀರಾತನ್ನು ನಿರ್ದೇಶಿಸಿದವನು ಸ್ವತಃ ರೊಮೇರೊವೇ.

ಕಥೆ ಸರಳವಾದುದು. ವಿಶೇಷ ಪೋಲೀಸ್ ತಂಡವೊಂದಕ್ಕೆ ಸೇರಿದ ಕ್ರಿಸ್ ಮತ್ತು ಜಿಲ್ ಎಂಬವರಲ್ಲಿ ಒಬ್ಬರನ್ನು ಆಡುವವನು ಆರಿಸಿಕೊಳ್ಳಬೇಕು. ಕಾಡಿನ ನಡುವಣ ಬಂಗಲೆಯೊಂದರಲ್ಲಿ ಅವರು ಸಿಕ್ಕಿಕೊಳ್ಳುವರು. ಕ್ರಿಸ್ ಒಮ್ಮೆಗೆ ಆರು, ಜಿಲ್ ಎಂಟು ಸಾಮಾನುಗಳನ್ನು ಮಾತ್ರ ಇಟ್ಟುಕೊಳ್ಳಬಲ್ಲರು. ಗುಂಡುಗಳು ಪರಿಮಿತ. ಆಟದ ಸ್ಥಿತಿಯನ್ನು ಉಳಿಸಿಡಬೇಕಾದರೆ ಬೆರಳಚ್ಚುಯಂತ್ರವೂ ಅದಕ್ಕೆ ಶಾಯಿಯ ಪಟ್ಟಿಯೂ ಬೇಕು; ಆ ಪಟ್ಟಿಗಳೂ ಎಣಿಕೆಯವು. ಕೋಣೆಯಿಂದ ಕೋಣೆಗೆ ಹೋಗುವಾಗ ಬಾಗಿಲು ಮೆಲ್ಲಮೆಲ್ಲನೆ ತೆರೆಯುವ ದೃಶ್ಯವು ಬರುತ್ತದೆ. ಯಂತ್ರವು ಮುಂದಿನ ಕೋಣೆಯ ವಿವರಗಳನ್ನು ತಟ್ಟೆಯಿಂದ ಓದಿಕೊಳ್ಳಲು ಬೇಕಾದ ಕಾಲವನ್ನು ಈ ದೃಶ್ಯವು ಮರೆಸುತ್ತಿದ್ದಿತು. ಆದರೆ ಆಡುವವನಿಗೆ ಅದು ಬಾಗಿಲಾಚೆ ಏನಿದೆಯೋ ಎಂಬ ಆತಂಕದ ಗಳಿಗೆಯಾಯಿತು. ೧೯೯೯ರಲ್ಲಿ ಕೊನಾಮಿ ಸಂಸ್ಥೆಯು ಪ್ರಕಟಿಸಿದ ‘ಸೈಲೆಂಟ್ ಹಿಲ್’ ಎಂಬ ಆಟದಲ್ಲಿಯೂ ಹೀಗೆಯೇ ಆಯಿತು. ದೂರದ ವಸ್ತುಗಳನ್ನು ಚಿತ್ರಿಸಲಾರದ ಯಂತ್ರದ ಕೊರತೆಯನ್ನು ಮುಚ್ಚಿದ ಮಂಜು, ಆ ಊರಿನ ಭಯದ ಮೂಲವೇ ಆಯಿತು. ಕೊರತೆಯೇ ಗುಣವಾದುದು ಈ ಪ್ರಭೇದದ ಲಕ್ಷಣವೆಂದು ಹೇಳಬಹುದು.

೭. ಆಕರ್ಷಣೆಯ ವಿಚಾರ

ಪೂರ್ವೋಕ್ತ ಮೊದಲನೆಯ ಪಕ್ಷವನ್ನು, ಎಂದರೆ ಕೊಲ್ಲುವ ಸುಖವೇ ಕಾರಣವೆಂಬುದನ್ನು, ಈಗ ಪರೀಕ್ಷಿಸಬಹುದು. ‘ಬಯೋಹಜಾರ್ಡ್’ನಲ್ಲಿ ಎದುರಾದ ಜೋಂಬಿಗಳನ್ನೆಲ್ಲ ಕೊಲ್ಲಲು ಹೊರಟವನು ಬೇಗನೆ ಬರಿಗೈಯವನಾಗುವನು. ಯಾವುದನ್ನು ಕೊಲ್ಲಬೇಕು, ಯಾವುದರಿಂದ ತಪ್ಪಿಸಿಕೊಂಡು ಓಡಬೇಕು, ಯಾವ ದಾರಿಯಲ್ಲಿ ಮತ್ತೆ ಮತ್ತೆ ನಡೆಯಬೇಕಾಗುತ್ತದೆ, ಗಾಯಕ್ಕೆ ಹಚ್ಚುವ ಮೂಲಿಕೆಯನ್ನು ಈಗಲೇ ಬಳಸಬೇಕೋ ಉಳಿಸಬೇಕೋ ಎಂಬ ಲೆಕ್ಕಾಚಾರವೇ ಆಟದ ಸಾರ. ೨೦೦೨ರಲ್ಲಿ ಮಿಕಾಮಿಯೇ ಈ ಆಟವನ್ನು ಹೊಸದಾಗಿ ರಚಿಸಿದಾಗ ಮತ್ತೊಂದು ನಿಯಮವನ್ನು ಸೇರಿಸಿದನು. ಬಿದ್ದ ಜೋಂಬಿಯ ತಲೆ ಸಿಡಿದಿರದಿದ್ದರೆ ಅದನ್ನು ಸುಡಬೇಕು. ಇಲ್ಲವಾದರೆ ಸ್ವಲ್ಪ ಕಾಲದ ಮೇಲೆ ಅದು ಮೊದಲಿಗಿಂತಲೂ ಕ್ರೂರವಾಗಿ ಏಳುತ್ತದೆ. ಸುಡಲು ಬೇಕಾದ ಎಣ್ಣೆಯೂ ಅಲ್ಪವೇ. ಇಲ್ಲಿ ಕೊಲ್ಲುವುದು ಸುಖವಲ್ಲ, ವೆಚ್ಚ.

ಈ ಸರಣಿಯ ಮುಂದಿನ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ೨೦೦೫ರ ನಾಲ್ಕನೆಯ ಆಟವು ಹೋರಾಟಕ್ಕೆ ಹೆಚ್ಚು ಎಡೆಗೊಟ್ಟು ಜನಪ್ರಿಯವಾಯಿತು. ಅದೇ ದಾರಿಯಲ್ಲಿ ಬಹುದೂರ ಸಾಗಿದ ೨೦೧೨ರ ಆರನೆಯ ಆಟವನ್ನು, ಭಯಾನಕವು ಅಳಿದು ಬರಿಯ ಗುಂಡಿನ ಕಾಳಗವೇ ಉಳಿಯಿತೆಂದು ಅನೇಕ ವಿಮರ್ಶಕರು ದೂರಿದರು. ೨೦೧೭ರ ಏಳನೆಯ ಆಟದಲ್ಲಿ ನಿರ್ಮಾಪಕರು ಒಂಟಿ ಮನೆಗೂ ಅಲ್ಪಸಾಧನಗಳಿಗೂ ಹಿಂದಿರುಗಿದರು. ಹೇರಳವಾಗಿ ಕೊಲ್ಲಲು ಅವಕಾಶವಾದಾಗ ಭಯಾನಕವು ಕರಗುವುದಾದರೆ, ಕೊಲ್ಲುವುದೇ ಅದರ ಜೀವವೆಂಬ ವಾದವು ನಿಲ್ಲಲಾರದು.

ಭರತನ ನಾಟ್ಯಶಾಸ್ತ್ರದಲ್ಲಿ ಭಯಾನಕ, ಬೀಭತ್ಸಗಳು ಬೇರೆ ಬೇರೆ ರಸಗಳು. ಒಂದರ ಸ್ಥಾಯಿಭಾವ ಭಯ, ಇನ್ನೊಂದರದು ಜುಗುಪ್ಸೆ. ಜೋಂಬಿಯ ಕೊಳೆತ ದೇಹವು ಜುಗುಪ್ಸೆಯನ್ನು ಹುಟ್ಟಿಸುವುದು ನಿಜ. ಆದರೆ ಮೊದಲ ಕೆಲವು ಗಳಿಗೆಗಳಲ್ಲಿಯೇ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ. ಗಂಟೆಗಟ್ಟಲೆ ಆಟದಲ್ಲಿ ಹಿಡಿದಿಡುವುದು ಭಯದೊಡನೆ ಬೆರೆತ ವಿವೇಚನೆ: ಅಂಜಿಕೆಯಲ್ಲಿಯೂ ಆಲೋಚಿಸುವುದು, ಕೊರತೆಯಲ್ಲಿಯೂ ಆರಿಸಿಕೊಳ್ಳುವುದು.

ಇದು ಜೋಂಬಿಗೆ ತೀರ ವಿರುದ್ಧವಾದ ಸ್ಥಿತಿಯೆಂಬುದೇ ಇಲ್ಲಿ ಮುಖ್ಯ. ಜೋಂಬಿಯು ಆರಿಸಲಾರದು, ಉಳಿಸಲಾರದು, ನಾಳೆಯನ್ನು ನೆನೆಯಲಾರದು. ಅದರೆದುರಿಗೆ ಆಡುವವನು ಕ್ಷಣಕ್ಷಣಕ್ಕೂ ತನ್ನ ಇಚ್ಛೆಯನ್ನು ಪ್ರಯೋಗಿಸಿ ತಾನು ಜೋಂಬಿಯಲ್ಲವೆಂಬುದನ್ನು ಸಾಧಿಸುತ್ತಿರುವನು. ಬೇರೆ ಭೂತಗಳಿಗಿಂತ ಜೋಂಬಿಯೇ ಈ ಕ್ರೀಡೆಗೆ ಒಪ್ಪುವುದಕ್ಕೆ ಕಾರಣವಿದು. ಪ್ರೇತವು ಪ್ರಾಣವನ್ನು ತೆಗೆಯಬಲ್ಲುದು; ಜೋಂಬಿಯು, ಪ್ರಾಣವು ಹೋಗುವುದಕ್ಕಿಂತ ಹೀನವಾದ ಗತಿಯೊಂದುಂಟೆಂಬುದನ್ನು ಕಣ್ಣೆದುರಿಗೆ ನಿಲ್ಲಿಸುತ್ತದೆ.

ಈ ಅಭಿಪ್ರಾಯಕ್ಕೆ ಮೊದಲನೆಯ ‘ಬಯೋಹಜಾರ್ಡ್’ನಲ್ಲಿಯೇ ಒಂದು ಪ್ರಬಲವಾದ ಸಾಕ್ಷ್ಯವಿದೆ. ಬಂಗಲೆಯ ಕೋಣೆಯೊಂದರಲ್ಲಿ ಅಲ್ಲಿನ ಪ್ರಾಣಿಪಾಲಕನ ದಿನಚರಿಯು ಸಿಗುತ್ತದೆ. ಮೊದಮೊದಲು ಅದರಲ್ಲಿ ಜೊತೆಗಾರರೊಡನೆ ಆಡಿದ ಇಸ್ಪೀಟಾಟ, ಮೇಲಧಿಕಾರಿಗಳ ದರ್ಪ ಮುಂತಾದ ಸಾಧಾರಣ ಸಂಗತಿಗಳಿವೆ. ಮೈಯಲ್ಲಿ ತುರಿಕೆ ಮೊದಲಾಗುತ್ತದೆ; ದಿನದಿಂದ ದಿನಕ್ಕೆ ವಾಕ್ಯಗಳು ಮೊಟಕಾಗುತ್ತವೆ, ವ್ಯಾಕರಣವು ಕೆಡುತ್ತದೆ; ಕೊನೆಯ ಬರಹದಲ್ಲಿ ಒಂದೆರಡು ಪದಗಳು ಮಾತ್ರ ಉಳಿದಿರುತ್ತವೆ. ಇಡೀ ಆಟದಲ್ಲಿ ಆಡಿದವರ ನೆನಪಿನಲ್ಲಿ ಹೆಚ್ಚಾಗಿ ನಿಂತ ಭಾಗಗಳಲ್ಲಿ ಇದೂ ಒಂದು. ಇದರಲ್ಲಿ ರಕ್ತವಿಲ್ಲ, ಗುಂಡಿಲ್ಲ. ಒಬ್ಬ ಮನುಷ್ಯನ ಮಾತು ಅವನನ್ನು ಬಿಟ್ಟುಹೋಗುವ ವೃತ್ತಾಂತವಷ್ಟೇ ಇದೆ. ಆ ಪಾಲಕನು ದುಡಿಯುತ್ತಿದ್ದುದು ಅಂಬ್ರೆಲಾ ಎಂಬ ಔಷಧ ಕಂಪೆನಿಗೆ. ಅವನನ್ನು ಜೋಂಬಿಯನ್ನಾಗಿ ಮಾಡಿದುದೂ ಆ ಕಂಪೆನಿಯ ಪ್ರಯೋಗಾಲಯದ ವೈರಾಣುವೇ. ರೊಮೇರೊ ತೆಗೆದುಹಾಕಿದ್ದ ಒಡೆಯನು ಕಂಪೆನಿಯ ರೂಪದಲ್ಲಿ ಹೀಗೆ ಮರಳಿ ಬಂದನು. ಜೋಂಬಿಯಾಗುವ ಭಯವೂ ಅವನೊಡನೆ ಮರಳಿತು.

ಇದರಿಂದ ಜಪಾನಿನ ನಿರ್ಮಾಪಕರು ಹೈಟಿಯ ಚರಿತ್ರೆಯನ್ನು ಅರಿತು ಹೀಗೆ ಮಾಡಿದರೆಂದು ಊಹಿಸತಕ್ಕುದಲ್ಲ, ಅದಕ್ಕೆ ಆಧಾರಗಳಿಲ್ಲ. ಕಲ್ಪನೆಯೊಂದು ದೇಶದಿಂದ ದೇಶಕ್ಕೆ ಸಾಗುವಾಗ ಅದನ್ನು ಹೊತ್ತವರಿಗೆ ತಿಳಿಯದೆಯೇ ಅದರ ಮೂಲಾಂಶವು ಉಳಿದುಬರುವುದುಂಟೆಂದಷ್ಟೇ ಹೇಳಬಹುದಾಗಿದೆ.

೮. ಮರೆವಿನ ಫಲ

ಮೂಲಾಂಶವು ಉಳಿಯಿತಾದರೂ ಮೂಲಜನರ ನೆನಪು ಉಳಿಯಲಿಲ್ಲ. ಇದರ ಫಲವು ೨೦೦೯ರಲ್ಲಿ ಪ್ರಕಟವಾದ ಐದನೆಯ ‘ಬಯೋಹಜಾರ್ಡ್’ನಲ್ಲಿ ಕಂಡುಬಂದಿತು. ಅದರ ಕಥೆಯು ಆಫ್ರಿಕದ ಕಿಜುಜು ಎಂಬ ಕಲ್ಪಿತ ಪ್ರದೇಶದಲ್ಲಿ ನಡೆಯುತ್ತದೆ. ೨೦೦೭ರಲ್ಲಿ ಅದರ ಮುನ್ನೋಟವು ಹೊರಬಿದ್ದಾಗ, ಬಿಳಿಯ ನಾಯಕನೊಬ್ಬನು ರೋಗಗ್ರಸ್ತರಾದ ಕಪ್ಪು ಹಳ್ಳಿಗರ ಮೇಲೆ ಗುಂಡು ಹಾರಿಸುವ ದೃಶ್ಯಗಳಿಗಾಗಿ ತೀವ್ರವಾದ ಆಕ್ಷೇಪಣೆಗಳು ಬಂದವು. ಆಟವು ಹೊರಬಂದಾಗ ನಾಯಕನ ಜೊತೆಗೆ ಆಫ್ರಿಕದ ಸಹಾಯಕಿಯೊಬ್ಬಳಿದ್ದಳು. ಆದರೂ ಚರ್ಚೆ ನಿಲ್ಲಲಿಲ್ಲ. ಇದೊಂದು ಕ್ರೀಡೆ, ಇದರಲ್ಲಿ ದುರುದ್ದೇಶವಿಲ್ಲವೆಂಬುದು ಒಂದು ಕಡೆಯವರ ಸಮಾಧಾನ. ದುರುದ್ದೇಶವಿಲ್ಲವೆಂದು ಒಪ್ಪಿದರೂ, ಚರಿತ್ರೆಯನ್ನು ಬಲ್ಲವರಿಗೆ ಇಲ್ಲಿನ ವಿಪರ್ಯಾಸವು ಕಾಣದಿರದು. ಆಫ್ರಿಕದಿಂದ ಕದ್ದೊಯ್ಯಲ್ಪಟ್ಟವರು ತಮ್ಮ ದಾಸ್ಯದ ದುಃಖವನ್ನು ಹೇಳಲು ಕಲ್ಪಿಸಿಕೊಂಡ ಆಕೃತಿಯು, ಮುನ್ನೂರು ವರ್ಷಗಳ ಪ್ರಯಾಣದ ಕೊನೆಗೆ ಆಫ್ರಿಕಕ್ಕೆ ಹಿಂದಿರುಗಿದಾಗ, ಅಲ್ಲಿನ ಜನರನ್ನೇ ಗುಂಡಿಗೆ ಗುರಿಮಾಡಿಕೊಂಡು 
ಬಂದಿತು.

ಹೈಟಿಯ ಹೆಸರೂ ಇದೇ ಮರೆವಿನಿಂದ ನೊಂದಿದೆ. ಜೋಂಬಿಯ ಪ್ರಸ್ತಾಪ ಬಂದಾಗಲೆಲ್ಲ ಆ ದೇಶವು ಮಾಟಮಂತ್ರಗಳ ನಾಡೆಂದು ಚಿತ್ರಿತವಾಗುವುದೇ ಹೊರತು, ಗುಲಾಮರು ತಮ್ಮ ಬಾಹುಬಲದಿಂದ ಕಟ್ಟಿದ ಮೊದಲ ಸ್ವತಂತ್ರ ರಾಷ್ಟ್ರವೆಂದು ಅಲ್ಲ. ೧೯೮೫ರಲ್ಲಿ ವೇಡ್ ಡೇವಿಸ್ ಎಂಬ ಸಂಶೋಧಕನು ಬೊಕೋರರ ಪುಡಿಯಲ್ಲಿ ಒಂದು ಜಾತಿಯ ಮೀನಿನ ವಿಷವಿರುವುದೆಂದೂ, ಅದರಿಂದಲೇ ಮನುಷ್ಯರು ಸತ್ತಂತೆ ಬೀಳುವರೆಂದೂ ಒಂದು ಗ್ರಂಥದಲ್ಲಿ ಪ್ರತಿಪಾದಿಸಿದನು; ಪುಡಿಯ ಮಾದರಿಗಳಲ್ಲಿದ್ದ ವಿಷದ ಪ್ರಮಾಣವು ಅದಕ್ಕೆ ಸಾಲದೆಂದು ಇತರ ವಿಜ್ಞಾನಿಗಳು ಆಕ್ಷೇಪಿಸಿದರು. ಆ ವಿವಾದವು ಹೇಗೇ ಇತ್ಯರ್ಥವಾದರೂ, ಸತ್ತ ಮೇಲೂ ಒಡೆಯನ ಹೊಲದಲ್ಲಿ ದುಡಿಯಬೇಕಾದೀತೆಂಬ ಭಯವು ಒಂದು ಜನಾಂಗದಲ್ಲಿ ಏಕೆ ಬೇರೂರಿತೆಂಬ ಪ್ರಶ್ನೆಗೆ ವಿಷದ ಪರೀಕ್ಷೆಯಿಂದ ಉತ್ತರ ದೊರೆಯಲಾರದು. ತೋಟಗಳ ಲೆಕ್ಕದ ಪುಸ್ತಕಗಳಿಂದ ದೊರೆಯುತ್ತದೆ.

೯. ಉಪಸಂಹಾರ

ಮೇಲ್ಕಂಡ ವಿಚಾರಗಳಿಂದ ಸಿದ್ಧವಾಗುವ ಅಂಶಗಳು ಇವು: ಜೋಂಬಿಯು ಮೂಲತಃ ಗುಲಾಮನ ರೂಪಕ, ಇಚ್ಛೆಯನ್ನು ಅಪಹರಿಸುವವನೇ ಅಲ್ಲಿ ಖಳ. ಅಮೆರಿಕದ ಚಲಚ್ಚಿತ್ರಗಳಲ್ಲಿ ಮೊದಲು ಗುಲಾಮನು ಹಿನ್ನೆಲೆಗೆ ಸರಿದನು, ಅನಂತರ ಒಡೆಯನೂ ಮಾಯವಾದನು. ಜಪಾನಿನ ಕ್ರೀಡೆಗಳಲ್ಲಿ ಇಚ್ಛೆಯಿಲ್ಲದ ದೇಹಕ್ಕೆ ಎದುರಾಗಿ, ಕೊರತೆಯ ನಡುವೆ ಇಚ್ಛೆಯನ್ನು ಕಾಪಾಡಿಕೊಳ್ಳುವ ಮನುಷ್ಯನು ನಿಂತನು. ಆ ಕ್ರೀಡೆಗಳ ಆಕರ್ಷಣೆಯು ಕೊಲ್ಲುವುದರಲ್ಲಿಲ್ಲ, ಈ ಕಾಪಾಡಿಕೊಳ್ಳುವಿಕೆಯಲ್ಲಿದೆ. ಇದು ಕ್ಷುದ್ರವಾದ ಅಭಿರುಚಿಯೆಂದು ತಳ್ಳಿಹಾಕತಕ್ಕುದಲ್ಲ. ತನ್ನ ಬುದ್ಧಿಯು ತನ್ನ ಕೈಯಲ್ಲಿಯೇ ಇರಬೇಕೆಂಬ ಬಯಕೆಯು ಮನುಷ್ಯನ ಬಯಕೆಗಳಲ್ಲಿ ಉತ್ತಮವಾದುದು.

ಆದರೆ ಆ ಬಯಕೆಗೆ ಅತ್ಯಧಿಕವಾದ ಬೆಲೆಯನ್ನು ತೆತ್ತವರು ಸ್ಯಾಂ ದೊಮ್ಯಾಂಗಿನ ಕಬ್ಬಿನ ಗದ್ದೆಗಳಲ್ಲಿ ದುಡಿದವರು. ಜಗತ್ತಿನ ನಾನಾ ದೇಶಗಳ ಜನರು ಮನೆಯಲ್ಲಿ ಕುಳಿತು ಹೆದರುತ್ತ ನಲಿಯುವ ಈ ಆಟಗಳ ಮೂಲದಲ್ಲಿ ಅವರ ನಿಜವಾದ ಹೆದರಿಕೆಯಿದೆ. ಹೈಟಿಯ ಕಥೆಯಲ್ಲಿ ಜೋಂಬಿಗೆ ಅರಿವು ಮರಳುವುದಕ್ಕೆ ಒಂದು ಹರಳು ಉಪ್ಪು ಸಾಕಾಗುತ್ತಿತ್ತು. ಆ ಕಥೆಯ ಚರಿತ್ರೆಯನ್ನು ತಿಳಿಯುವುದು ಅದನ್ನು ಆಡುವವರ ಪಾಲಿಗೆ ಅಂಥದೇ ಒಂದು ಹರಳು.